ತೀರ್ಥಹಳ್ಳಿಯಿಂದ ಬಜ್ಪೆ: ದುಬೈಗೆ ಹೊರಟ ಮಲೆನಾಡಿನವರಿಗೆ

ತಂಗಿಯ ಬಾಣಂತನಕ್ಕೆ ಅಂತ ಅಮ್ಮ ದುಬೈಗೆ ಹೊರಟರು, ಅಮ್ಮನ ಹಿಂದೆ ಅಪ್ಪ, ಇಬ್ಬರನ್ನೂ ಅಲ್ಲೀವರೆಗೂ ಮುಟ್ಟಿಸಿ ಬರೋಕೆ ನಾನು. "ಸೋಗಾನೆಲೇ ಏರ್‌ಪೋರ್ಟ್ ಇದೆಯಲ್ಲ, ಮಂಗಳೂರಿಗೆ ಯಾಕೆ?" ಅಂತ ಅಪ್ಪ ಕೇಳಿದರು. ನ್ಯಾಯವಾದ ಪ್ರಶ್ನೆಯೇ. 2023ರಲ್ಲಿ ಸೋಗಾನೆಯಲ್ಲಿ ಶುರುವಾದ ನಮ್ಮ ಶಿವಮೊಗ್ಗದ ಕುವೆಂಪು ವಿಮಾನ ನಿಲ್ದಾಣದ ರನ್‌ವೇ 3,200 ಮೀಟರ್, ಮಂಗಳೂರಿನ ಬಜ್ಪೆ ನಿಲ್ದಾಣದ್ದು 2,450 ಅಷ್ಟೇ. ಆದರೆ ಸೋಗಾನೆಯಿಂದ ಹೊರದೇಶಕ್ಕೆ ವಿಮಾನ ಇಲ್ಲ, ಉದ್ದ ಇದ್ದು ಏನು ಬಂತು! ಬೆಂಗಳೂರಲ್ಲಿ ಹತ್ತಬಹುದಿತ್ತು, ವಯಸ್ಸಾದವರನ್ನು ಕಟ್ಟಿಕೊಂಡು ಅಷ್ಟು ದೊಡ್ಡ ಟರ್ಮಿನಲ್ ಸುತ್ತೋದಕ್ಕಿಂತ ಬಜ್ಪೆ ವಾಸಿ ಅನ್ನಿಸಿತು.

ನಾವು ಹೋಗಿದ್ದು ಜುಲೈನಲ್ಲಿ. ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ಎದುರಿನ ಗಾಡಿಯ ಲೈಟು ಮೂತಿಗೆ ಬಂದ ಮೇಲೇ ಕಾಣುತ್ತಿತ್ತು, ಅಷ್ಟು ಮಂಜು. ಮಳೆಗಾಲದಲ್ಲಿ ಘಾಟಿಯಲ್ಲಿ ಮರ, ಮಣ್ಣು ಬೀಳೋದು ಹೊಸದೇನಲ್ಲ, ಹಾಗಾಗಿ ಹೊರಡುವ ದಿನ ಬೆಳಗ್ಗೆ ಆಗುಂಬೆ ಕಡೆಯವರಿಗೆ ಒಂದು ಫೋನ್ ಮಾಡಿ ಕೇಳಿಕೊಳ್ಳಿ. ಅದು ಬಂದಾದರೆ ಶೃಂಗೇರಿ, ಕೆರೆಕಟ್ಟೆ ಮೇಲೆ ಕಾರ್ಕಳಕ್ಕೆ ಇಳಿಯಬಹುದು. ನಾವು ಹೆಬ್ರಿ, ಕಾರ್ಕಳ, ಮೂಡುಬಿದಿರೆ ದಾಟಿ ಗುರುಪುರ ಕೈಕಂಬದಲ್ಲಿ ಬಲಕ್ಕೆ ತಿರುಗಿದೆವು. ಮಂಗಳೂರು ಪೇಟೆಯೊಳಗೆ ಹೋಗೋದೇ ಬೇಡ. ಒಟ್ಟು ನಾಲ್ಕು ಗಂಟೆ ಹಿಡಿಯಿತು, ನೀವು ಆರು ಇಟ್ಟುಕೊಳ್ಳಿ. ಹೊರದೇಶದ ವಿಮಾನಕ್ಕೆ ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುತ್ತಾರೆ, ಘಾಟಿ ಕಥೆ ಹೇಳಿದರೆ ಯಾರೂ ಕೇಳಲ್ಲ.

ಟಿಕೆಟ್ ಇಲ್ಲದವರನ್ನು ಒಳಗೆ ಬಿಡಲ್ಲ, ಅಳೋದು ಕರೆಯೋದು ಎಲ್ಲ ಬಾಗಿಲಲ್ಲೇ ಮುಗಿಸಿ. ಒಳಗೆ ಎಲ್ಲ ಹತ್ತಿರ ಹತ್ತಿರ: ಚೆಕ್ ಇನ್, ಇಮಿಗ್ರೇಷನ್, ಸೆಕ್ಯುರಿಟಿ. ಕನ್ನಡ, ತುಳು ಎರಡೂ ಕಿವಿಗೆ ಬೀಳುವುದರಿಂದ ಅಮ್ಮನಿಗೆ ಅರ್ಧ ಭಯ ಅಲ್ಲೇ ಹೋಯಿತು. ಅಪ್ಪನಿಗೆ ಮಂಡಿನೋವು, ಟಿಕೆಟ್ ಮಾಡಿದಾಗಲೇ ವೀಲ್‌ಚೇರ್ ಹೇಳಿಟ್ಟಿದ್ದೆ. ಅದಕ್ಕೆ ದುಡ್ಡಿಲ್ಲ. ತಳ್ಳಿಕೊಂಡು ಹೋಗುವ ಹುಡುಗ ಕ್ಯೂ ತಪ್ಪಿಸಿ ಮುಂದೆ ಕರೆದುಕೊಂಡು ಹೋದ, ಹಿಂದೆ ನಾವಿಬ್ಬರೂ. ಕಾಫಿ ತಿಂಡಿಗೆ ಬೆಲೆ ಜಾಸ್ತಿ. ಇಡ್ಲಿ, ಚಪಾತಿ ಕಟ್ಟಿಕೊಂಡು ಹೋಗಿ, ನೀರಾದ ಚಟ್ನಿ ಬೇಡ, 100 ಮಿಲಿ ಮೀರಿದರೆ ಸೆಕ್ಯುರಿಟಿಯಲ್ಲಿ ಬಿಡಲ್ಲ. ದಿರ್ಹಮ್, ಅಂದರೆ ದುಬೈ ದುಡ್ಡು, ಮೊದಲೇ ಊರ ಕಡೆಯೇ ಮಾಡಿಸಿಕೊಳ್ಳಿ.

ಈಗ ಮುಖ್ಯ ವಿಷಯ, ಚೀಲ. ನಮ್ಮವರು ಎಡವೋದು ಇಲ್ಲೇ. ಬಾಣಂತಿಗೆ ಅಂತ ಅಮ್ಮ ಕೊಬ್ಬರಿ ಗಿಟುಕು, ಗಸಗಸೆ, ಅಪ್ಪೆಮಿಡಿ ಉಪ್ಪಿನಕಾಯಿ, ತೋಟದ ವೀಳ್ಯದೆಲೆ ಎಲ್ಲ ತುಂಬಿದ್ದರು. ಕೊಬ್ಬರಿಯಲ್ಲಿ ಎಣ್ಣೆ ಇರುತ್ತಲ್ಲ, ಬೆಂಕಿಯ ಭಯಕ್ಕೆ ವಿಮಾನದಲ್ಲಿ ಬಿಡಲ್ಲ. ಗಸಗಸೆ ಅಂತೂ ಮುಟ್ಟಲೇಬೇಡಿ, ಆ ದೇಶದಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಪಾಯಸದ ಆಸೆಗೆ ಜೈಲು ಸೇರೋದು ಬೇಡ. ಪವರ್ ಬ್ಯಾಂಕ್ ಕೈಚೀಲದಲ್ಲಿ, ಉಪ್ಪಿನಕಾಯಿ ದೊಡ್ಡ ಚೀಲದಲ್ಲಿ. ನಾನು ಮುಚ್ಚಳಕ್ಕೆ ಟೇಪು ಸುತ್ತಿ, ಮೂರು ಪ್ಲಾಸ್ಟಿಕ್ ಕವರ್ ಹಾಕಿದ್ದೆ. ಆದರೂ ಅಮ್ಮನ ಒಂದು ಸೀರೆಗೆ ರಸ ಹತ್ತಿತ್ತು.

ವೀಳ್ಯದೆಲೆ, ಪಾನ್ ಸಾಮಾನು ದುಬೈ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲೇ ಇದೆ. ಇದನ್ನು ನಾನು ಪಾರ್ಕಿಂಗ್‌ನಲ್ಲಿ ಹೇಳಿದೆ, ಮನೆಯಲ್ಲೇ ಹೇಳಬೇಕಿತ್ತು, ತಪ್ಪು ನನ್ನದೇ. ಅಪ್ಪ ಸೊಂಟದ ಸಂಚಿ ಬಿಚ್ಚಿ ಕೈಯಲ್ಲೇ ಹಿಡಿದು ನಿಂತರು. "ಅಡಿಕೆ ಇಲ್ದೆ ಒಂದು ತಿಂಗಳು ಹೆಂಗಿರೋದು ಮಾರಾಯ, ನಾವು ಅಡಿಕೆ ಬೆಳೆಯೋರು!" ಕೊನೆಗೆ ಒಂದು ಕವಳ ಹಾಕಿಕೊಂಡು, ಸುಣ್ಣದ ಡಬ್ಬಿ ಸಮೇತ ಸಂಚಿಯನ್ನು ಡ್ರೈವರ್ ಕೈಗೆ ಕೊಟ್ಟರು. ಕೊಬ್ಬರಿ, ಗಸಗಸೆಯೂ ಅವನ ಪಾಲಾಯಿತು.

ವಾಪಸ್ ಬರುವವರಿಗೆ: ಹೊರಗೆ ಪ್ರೀಪೇಯ್ಡ್ ಟ್ಯಾಕ್ಸಿ ಸಿಗುತ್ತೆ, ಬಿಜೈನ ಕೆಎಸ್‌ಆರ್‌ಟಿಸಿ ಸ್ಟ್ಯಾಂಡ್‌ಗೆ ಹೋದರೆ ಶಿವಮೊಗ್ಗ ಕಡೆಯ ಬಸ್ಸು. ನಮಗೆ ಅದೇ ಡ್ರೈವರ್ ಬಂದಿದ್ದ. ಅಪ್ಪ ಕಾರಿನ ಬಾಗಿಲು ತೆಗೆದವರೇ ಕೇಳಿದ್ದು, "ನನ್ನ ಸಂಚಿ ಎಲ್ಲೋ?"