ವಕಾಲತ್ತೇ ಪೋಷಣೆಯಾದಾಗ: ಜಾನ್ ಕ್ವಿನ್

ನಮ್ಮ ಕರಾವಳಿಯಲ್ಲಿ ವಕೀಲರಿಗೂ ಕಲೆಗೂ ಇರುವ ನಂಟು ಹೊಸತಲ್ಲ. ಹಗಲು ಉಡುಪಿಯ ನ್ಯಾಯಾಲಯದಲ್ಲಿ ವಾದಿಸಿ ರಾತ್ರಿ ತಾಳಮದ್ದಲೆಯಲ್ಲಿ ಅರ್ಥ ಹೇಳುವವರು ಇಲ್ಲಿ ಅಪರೂಪವೂ ಅಲ್ಲ. ಆದರೂ ಕಲಾಪೋಷಕರೆಂದೊಡನೆ ನಮಗೆ ನೆನಪಾಗುವುದು ಸೇವೆಯಾಟ ಆಡಿಸಿದವರು, ಕಲಾವಿದರಿಗೆ ಶಾಲು ಹೊದೆಸಿ ನಿಧಿ ಅರ್ಪಿಸಿದವರು. ವಕಾಲತ್ತಿನ ಕಸುಬೇ ಪೋಷಣೆಯಾದುದಕ್ಕೆ ನನಗೆ ತಿಳಿದ ದೊಡ್ಡ ನಿದರ್ಶನ ನ್ಯೂಯಾರ್ಕಿನ ಜಾನ್ ಕ್ವಿನ್ (1870–1924).

ಒಹಾಯೊ ಪ್ರಾಂತದ ಐರಿಷ್ ಮೂಲದ ಮನೆತನದಲ್ಲಿ ಹುಟ್ಟಿದ ಕ್ವಿನ್, ಬ್ಯಾಂಕು ಮತ್ತು ಹಣಕಾಸಿನ ವ್ಯವಹಾರಗಳ ವಕೀಲನಾಗಿ ಚೆನ್ನಾಗಿ ಸಂಪಾದಿಸಿದ. ಸಂಪಾದಿಸಿದ್ದನ್ನು ಪಿಕಾಸೊ, ಮತೀಸ್, ಬ್ರಾಂಕುಸಿಯಂಥ ಆಗಿನ ಹೊಸ ಕಲಾವಿದರ ಕೃತಿಗಳಿಗೆ ಸುರಿದ. ಹಣವುಳ್ಳವರು ಇಷ್ಟನ್ನು ಮಾಡಿಯಾರು. ಆದರೆ 1909ರ ಅಮೆರಿಕದ ಸುಂಕ ಕಾಯಿದೆಯು ಇಪ್ಪತ್ತು ವರ್ಷಕ್ಕಿಂತ ಹಳೆಯ ಕಲಾಕೃತಿಗಳಿಗೆ ವಿನಾಯಿತಿ ಕೊಟ್ಟು, ಬದುಕಿರುವ ಕಲಾವಿದರ ಹೊಸ ಕೃತಿಗಳ ಆಮದಿನ ಮೇಲೆ ಶೇಕಡಾ 15ರ ಸುಂಕ ಹೇರಿದ್ದಾಗ, ಅದನ್ನು ತೆಗೆಸಲು ಶಾಸಕರ ಮುಂದೆ ವಾದ ಹೂಡಿದವನೂ ಈತನೇ. 1913ರಲ್ಲಿ ಆ ಸುಂಕ ರದ್ದಾಯಿತು. ನೂರು ಚಿತ್ರ ಕೊಳ್ಳುವುದಕ್ಕಿಂತ ಇದು ದೊಡ್ಡ ಸೇವೆಯೆಂದು ನನ್ನ ಎಣಿಕೆ. ಅದೇ ವರ್ಷ ಹೊಸ ಕಲೆಯನ್ನು ಅಮೆರಿಕನ್ನರ ಕಣ್ಣಿಗೆ ಬೀಳಿಸಿದ ಆರ್ಮರಿ ಪ್ರದರ್ಶನದ ಸಂಘಟಕರಿಗೂ ಕಾನೂನು ಸಲಹೆಗಾರನಾಗಿದ್ದವನು ಕ್ವಿನ್.

ಗೆದ್ದದ್ದಷ್ಟೇ ಅಲ್ಲ, ಸೋತದ್ದೂ ಉಂಟು. ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ ಕಾದಂಬರಿಯ ಭಾಗವನ್ನು ಅಚ್ಚು ಹಾಕಿದ ಇಬ್ಬರು ಸಂಪಾದಕಿಯರ ಮೇಲೆ ಅಶ್ಲೀಲತೆಯ ಮೊಕದ್ದಮೆ ಬಿದ್ದಾಗ ಅವರ ಪರ ನಿಂತ. ಈ ಬರಹ ಓದುಗರಿಗೆ ಅರ್ಥವಾಗುವುದೇ ಕಷ್ಟ, ಕೆಡಿಸುವುದೆಲ್ಲಿಂದ ಬಂತು ಎಂಬ ಧಾಟಿಯ ವಾದ ಆತನದು; ಸಾಹಿತ್ಯಕ್ಕೆ ಅದೇನೂ ಗೌರವ ತರುವ ವಾದವಲ್ಲ, ಕಕ್ಷಿದಾರರನ್ನು ಉಳಿಸಲು ವಕೀಲ ಹುಡುಕುವ ದಾರಿ ಅಷ್ಟೆ. 1921ರಲ್ಲಿ ಇಬ್ಬರಿಗೂ ತಲಾ 50 ಡಾಲರ್ ದಂಡ ಬಿತ್ತು.

ಟಿ. ಎಸ್. ಎಲಿಯಟ್‌ನ ಸಂಗತಿ ಇನ್ನೂ ಸೊಗಸು. ‘ದಿ ವೇಸ್ಟ್ ಲ್ಯಾಂಡ್’ ಕವಿತೆಯ ಪ್ರಕಟಣೆಯ ಕರಾರನ್ನು ಕ್ವಿನ್ ಕುದುರಿಸಿಕೊಟ್ಟದ್ದಕ್ಕೆ ಕವಿ 1922ರಲ್ಲಿ ಅದರ ಹಸ್ತಪ್ರತಿಯನ್ನೇ ಕಾಣಿಕೆಯಾಗಿ ಕಳಿಸಿದ. ಅದನ್ನು ಸ್ವೀಕರಿಸಿದ ಕ್ವಿನ್, ಜತೆಗೆ ಬಂದ ಹಳೆಯ ಕವಿತೆಗಳ ಕೈಬರಹದ ಪುಸ್ತಕವನ್ನು ಮಾತ್ರ ಪುಕ್ಕಟೆ ತೆಗೆದುಕೊಳ್ಳಲೊಪ್ಪದೆ 140 ಡಾಲರ್ ಪಾವತಿಸಿದ. ಮುಂಗೋಪಿ, ಯೆಹೂದಿಗಳ ಬಗ್ಗೆ ಕೆಟ್ಟ ಪೂರ್ವಗ್ರಹವಿದ್ದವನು ಎಂಬುದನ್ನೂ ಇಲ್ಲಿ ಮರೆಮಾಚಬಾರದು. ಲೆಕ್ಕದಲ್ಲಿ ಮಾತ್ರ ಕವಿಗೆ ಮೋಸವಾಗಲು ಬಿಡಲಿಲ್ಲ.

ಇಂಥ ವಕೀಲ ತನ್ನ ಸಂಗ್ರಹದ ವಿಷಯದಲ್ಲಿ ಬರೆದ ಉಯಿಲು ಮಾತ್ರ ನನಗೆ ಒಗಟು. ಫ್ರೆಂಚ್ ಚಿತ್ರಕಾರ ಸೆರಾ ಬಿಡಿಸಿದ ‘ಸರ್ಕಸ್’ ಚಿತ್ರವೊಂದು ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಸೇರಿತು. ಉಳಿದ ಸಾವಿರಾರು ಕೃತಿಗಳು ಮಾರಾಟವಾಗಿ ಚದುರಿಹೋದವು.