ಕಾಫಿ ಹಂಚುತ್ತಾ ನೋಡಿದ ಕ್ಯಾಬರೆ

ಸಂಗೀತೋತ್ಸವದ ಸ್ವಯಂಸೇವಕರಿಗೆ ಸಂಗೀತ ಕೇಳುವ ಭಾಗ್ಯ ಇರುವುದಿಲ್ಲ. ತುಮಕೂರಿನಲ್ಲಿ ನಮ್ಮ ಬಡಾವಣೆಯವರು ನಡೆಸುವ ಉತ್ಸವದಲ್ಲಿ ಕುರ್ಚಿ, ನೀರು, ಕಾಫಿ ನನ್ನ ಪಾಲಿನವು. ಆಲಾಪನೆ ಶುರುವಾಗುವಾಗ ನಾನು ಹಾಲಿನವನಿಗೆ ಫೋನ್ ಮಾಡುತ್ತಿರುತ್ತೇನೆ. ಮೃದಂಗದವರು ಒಬ್ಬರೇ ನುಡಿಸುವ ತನಿ ಆವರ್ತನದ ಹೊತ್ತಿಗೆ ಯಾರದೋ ಸ್ಕೂಟರ್ ಯಾರದೋ ಕಾರಿಗೆ ಅಡ್ಡ ನಿಂತಿರುತ್ತದೆ. ಮಂಗಳ ಮಾತ್ರ ಪೂರ್ತಿ ಕೇಳಿಸುತ್ತದೆ, ಆಗ ಎಲ್ಲರೂ ಚಪ್ಪಲಿ ಹುಡುಕುವುದರಲ್ಲಿ ಮಗ್ನರು.

ಈ ಸಲ ಎರಡನೆಯ ದಿನ ಸಂಜೆಗೆ ಬೆಂಗಳೂರಿನ ಇಬ್ಬರು ಕಲಾವಿದರ ಕ್ಯಾಬರೆ, ಅಂದರೆ ಹಾಡು, ಹಾಸ್ಯ, ಸಭಿಕರ ಜೊತೆ ಮಾತು ಬೆರೆತ ಪ್ರದರ್ಶನ, ನಿಗದಿಯಾಗಿತ್ತು. ಸಮಿತಿಯ ಸಭೆಯಲ್ಲಿ ಆ ಹೆಸರು ಕಿವಿಗೆ ಬಿದ್ದದ್ದೇ ಹಿರಿಯರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ಹಳೆಯ ಸಿನಿಮಾಗಳಲ್ಲಿ ಖಳನಾಯಕನ ಅಡ್ಡೆ, ಹೊಗೆ, ಗರಿಗಳ ಉಡುಪು ನೋಡಿ ಬೆಳೆದವರು ನಾವು. "ಹೆಂಗಸರು ಮಕ್ಕಳು ಬರುವ ಜಾಗವಲ್ಲವೇ ರಾಯರೇ?" ಎಂದರು. ಕಾರ್ಯದರ್ಶಿಗಳು ಜಾಣರು, ಆಹ್ವಾನ ಪತ್ರಿಕೆಯಲ್ಲಿ 'ಹಾಡು–ಹರಟೆ' ಎಂದು ಅಚ್ಚು ಹಾಕಿಸಿ ಮುಗಿಸಿದರು.

ಮಧ್ಯಾಹ್ನ ಆ ಇಬ್ಬರನ್ನು ರೈಲು ನಿಲ್ದಾಣದಿಂದ ಕರೆತಂದವಳು ನಾನೇ. ಹಾಡುವಾಕೆಗೆ ಐವತ್ತು ದಾಟಿರಬೇಕು. ಇಳಕಲ್ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ. ಕೀಬೋರ್ಡಿನ ಹುಡುಗ ತನ್ನ ವಾದ್ಯವನ್ನು ಮಡಿಲಿನಿಂದ ಇಳಿಸಲೇ ಇಲ್ಲ. ಆಟೋದಲ್ಲಿ ಕುಳಿತ ಕೂಡಲೇ ಆಕೆ, "ಮೇಡಂ, ನಿಮ್ಮ ಊರಿನವರು ಈಗ ಯಾವುದರ ಬಗ್ಗೆ ಗೊಣಗುತ್ತಿದ್ದಾರೆ?" ಎಂದು ಕೇಳಿದರು. ಕೊಬ್ಬರಿ ಧಾರಣೆ ಎಂದೆ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಯೋಚಿಸಿ ಉತ್ತರಿಸುವ ಅಗತ್ಯವಿಲ್ಲ. ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಏರಿದರೂ ಮಾತು ಅದೇ, ಇಳಿದರೂ ಮಾತು ಅದೇ. ಆಕೆ ಪುಟ್ಟ ಡೈರಿಯಲ್ಲಿ ಬರೆದುಕೊಂಡರು.

ಅಂಗಳಕ್ಕೆ ಬಂದವರೇ ನಾನು ಬೆಳಗ್ಗೆ ಸಾಲಾಗಿ ಹಾಕಿಸಿದ್ದ ಕುರ್ಚಿಗಳನ್ನೆಲ್ಲ ಎಳೆಸಿ, ನಾಲ್ಕೈದರ ಗುಂಪು ಮಾಡಿಸಿ, ನಡುವೆ ಓಡಾಡಲು ದಾರಿ ಬಿಡಿಸಿದರು. ಹಾಡು ನಡೆಯುವಾಗಲೇ ಕಾಫಿ ಹಂಚಬೇಕೆಂದೂ ಹೇಳಿದರು. ಕಛೇರಿಯ ನಡುವೆ ಲೋಟದ ಸದ್ದಾದರೆ ದುರುಗುಟ್ಟಿ ನೋಡಿಸಿಕೊಂಡವಳು ನಾನು, ನಂಬಲಾಗಲಿಲ್ಲ. ಆದರೆ ಈ ಕಲೆ ಹುಟ್ಟಿದ್ದೇ ಹಾಗೆ. ಪ್ಯಾರಿಸ್ಸಿನ ಮಾಂಮಾರ್ತ್ರ್ ಎಂಬಲ್ಲಿ 1881ರಲ್ಲಿ ರೊಡಾಲ್ಫ್ ಸಾಲಿಸ್ ಎಂಬಾತ 'ಕಪ್ಪು ಬೆಕ್ಕು' ಎಂಬ ಹೆಸರಿನ ಪಾನಗೃಹ ತೆರೆದ. ಕವಿಗಳು, ಚಿತ್ರಕಾರರು, ಹಾಡುಗಾರರು ಅಲ್ಲಿ ಸೇರುತ್ತಿದ್ದರು. ಸಾಲಿಸ್ ಬಂದವರನ್ನು ಕೊಂಕು ಮಾತಿನಿಂದಲೇ ಸ್ವಾಗತಿಸುತ್ತಿದ್ದ. ಮುಂದೆ ಸಂಗೀತ ಸಂಯೋಜಕನಾಗಿ ದೊಡ್ಡ ಹೆಸರು ಮಾಡಿದ ಎರಿಕ್ ಸಾತಿ ಅಲ್ಲಿ ಪಿಯಾನೊ ನುಡಿಸುತ್ತಿದ್ದ. ಇದಾಗಿ ಮೂರೇ ವರ್ಷಕ್ಕೆ, 1884ರಲ್ಲಿ, ನಮ್ಮ ಪಕ್ಕದ ಗುಬ್ಬಿಯಲ್ಲಿ ನಾಟಕ ಕಂಪನಿ ಶುರುವಾಯಿತು. ಆ ಊರಿಗೂ ಈ ಊರಿಗೂ ಯಾವ ಸಂಬಂಧವೂ ಇಲ್ಲ. ಆದರೂ ಹಾರ್ಮೋನಿಯಂ ಮೇಷ್ಟರು, ಹಾಡಿನ ನಡುವಿನ ಹಾಸ್ಯ, 'ಒನ್ಸ್ ಮೋರ್' ಕೂಗಿದರೆ ಸತ್ತ ಪಾತ್ರವೂ ಎದ್ದು ಹಾಡುತ್ತಿದ್ದ ಕಂಪನಿ ನಾಟಕದ ಕಥೆಗಳನ್ನು ಅಜ್ಜಿಯಿಂದ ಕೇಳಿದ ನನಗೆ ಆ ಸಂಜೆ ಏನೂ ಪರಕೀಯ ಅನ್ನಿಸಲಿಲ್ಲ.

ಮೊದಲಿನ ಎರಡು ಹಾಡುಗಳು ಸಪ್ಪೆ. ಕೀಬೋರ್ಡ್ ಜೋರಾಗಿ ಸಾಹಿತ್ಯ ಮುಳುಗಿ ಹೋಯಿತು. ಧ್ವನಿವರ್ಧಕದ ಹುಡುಗನ ಹತ್ತಿರ ಓಡಿಹೋಗಿ ತಗ್ಗಿಸಲು ಹೇಳಿದೆ. ಜನ ಕೈಕಟ್ಟಿ ಕುಳಿತಿದ್ದರು. ಆಗ ಆಕೆ ವೇದಿಕೆಯಿಂದ ಇಳಿದು ಬಂದು, ನನ್ನ ತಟ್ಟೆಯಿಂದ ಒಂದು ಲೋಟ ಎತ್ತಿಕೊಂಡು ಗುಟುಕರಿಸಿ, "ಸಕ್ಕರೆ ಅಗ್ಗವಾಗಿರಬೇಕು" ಎಂದರು. ಸಭೆ ಮೊದಲ ಸಲ ನಕ್ಕಿತು. ಅದೇ ಉಸಿರಿನಲ್ಲಿ ಕೊಬ್ಬರಿ ಹಾಡು ಶುರು. ಆಕೆ ತೆಂಗು ಬೆಳೆದವಳು, ಹುಡುಗ ಮಂಡಿ ವ್ಯಾಪಾರಿ. ಆಕೆ ಒಂದು ದರ ಹಾಡಿದರೆ ಅವನು ಒಂದು ಸ್ವರ ಕೆಳಗೆ ಇಳಿಸಿ ಉತ್ತರಿಸುತ್ತಿದ್ದ; ಆಕೆಯೂ ಸ್ವರ ಇಳಿಸಬೇಕು, ದರವನ್ನೂ ಇಳಿಸಬೇಕು. ಇಳಿದು ಇಳಿದು ಕಂಠ ಇನ್ನು ಇಳಿಯದು ಎನ್ನುವ ಕಡೆ ಬಂದು ನಿಂತು, ಹಾಡಲಾರದೆ ಕೆಮ್ಮಿದರು. ಆ ಕೆಮ್ಮಿಗೇ ಚಪ್ಪಾಳೆ.

ಹಿಂದಿನಿಂದ ಹೆಗಲ ಮೇಲೆ ಟವಲ್ ಹಾಕಿದ್ದ ಹಿರಿಯರೊಬ್ಬರು ಎದ್ದು ನಿಂತರು. "ಅಮ್ಮಾ, ಹಾಡು ಚೆನ್ನಾಗಿದೆ, ಲೆಕ್ಕ ಸರಿಯಿಲ್ಲ. ನೀವು ಕಿಲೋ ದರ ಹೇಳುತ್ತಿದ್ದೀರಿ. ಮಾರುಕಟ್ಟೆಯಲ್ಲಿ ಕೂಗುವುದು ಕ್ವಿಂಟಲ್‌ಗೆ."

ನಮ್ಮ ಕಛೇರಿಗಳಲ್ಲಿ ಹೀಗಾದರೆ ಕಾರ್ಯದರ್ಶಿಗಳು ನನ್ನತ್ತ ಕಣ್ಸನ್ನೆ ಮಾಡುತ್ತಾರೆ, ನಾನು ಹೋಗಿ ಅವರನ್ನು ಕೂರಿಸುತ್ತೇನೆ. ಅಂದೂ ಸನ್ನೆ ಬಂತು. ನಾನು ಕಾಣದವಳಂತೆ ಕಾಫಿ ಸುರಿದೆ. ಆಕೆ ಅವರ ಬಳಿಗೇ ಹೋಗಿ ಮೈಕು ಹಿಡಿದು, "ನೀವೇ ಹೇಳಿ, ಅಣ್ಣಾ. ಕೊಬ್ಬರಿ ಆಯಿತು ಎಂದು ಹೇಗೆ ಗೊತ್ತಾಗುತ್ತದೆ?" ಎಂದರು. ಅವರು ಕಾಣದ ಕಾಯೊಂದನ್ನು ಕಿವಿಯ ಹತ್ತಿರ ಹಿಡಿದರು. ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿ ನೀರು ಇಂಗಬೇಕು, ಗಿಟುಕು ಚಿಪ್ಪು ಬಿಡಬೇಕು, ಅಲ್ಲಾಡಿಸಿದರೆ ಒಳಗೆ ಲೊಟಲೊಟ ಕುಣಿಯಬೇಕು ಎಂದು ಮಣಿಕಟ್ಟು ಕುಲುಕಿ ತೋರಿಸಿದರು. ಬೆರಳ ಸಂದುಗಳಲ್ಲಿ ಕಾಯಿ ಸುಲಿದ ಕಪ್ಪು ಕಲೆ ಇನ್ನೂ ಇತ್ತು. ಕೀಬೋರ್ಡಿನ ಹುಡುಗ ಆ ಮಣಿಕಟ್ಟನ್ನೇ ನೋಡುತ್ತಾ ಅದರ ಲಯಕ್ಕೆ ಮೂರು ಸ್ವರ ಹಿಡಿದ. ಆಕೆ ಅದರ ಮೇಲೆ ಕ್ವಿಂಟಲ್ ಲೆಕ್ಕದಲ್ಲಿ ಇಡೀ ಹಾಡನ್ನು ಹೊಸದಾಗಿ ಕಟ್ಟಿದರು. ಸುತ್ತಲೂ ಕೈಗಳು ಕಿವಿಯ ಹತ್ತಿರ ಎದ್ದವು, ಕಾಯಿ ಅಲ್ಲಾಡಿಸಿದವು. ಸಮಿತಿಯ ಸಭೆಯಲ್ಲಿ ಕನ್ನಡಕ ಒರೆಸಿಕೊಂಡಿದ್ದ ಹಿರಿಯರು ಎರಡೂ ಕೈಯಲ್ಲಿ ಅಲ್ಲಾಡಿಸುತ್ತಿದ್ದರು. ಎರಡು ಕಡೆಯೂ ಕಾಣುವಂತೆ ಪಕ್ಕದಲ್ಲಿ ನಿಂತಿದ್ದ ನನಗೆ, ಯಾರು ಯಾರನ್ನು ರಂಜಿಸುತ್ತಿದ್ದಾರೆ ಎಂಬುದೇ ಗೊತ್ತಾಗದೆ ಹೋಯಿತು. ನನ್ನ ಕಾಫಿ ಅಲ್ಲಿಯೇ ಆರಿ ನೀರಾಯಿತು.

ಅದಾದ ಕೂಡಲೇ ವೀಣೆಯ ಕಛೇರಿ ಇಟ್ಟದ್ದು ಮಾತ್ರ ಸರಿಯಾಗಲಿಲ್ಲ. ಪಾಪ, ಆ ವಿದುಷಿ ಶ್ರುತಿ ಮಾಡಿಕೊಂಡು ಎಷ್ಟು ಹೊತ್ತು ಕಾದರೂ ಗದ್ದಲ ಅಡಗಲಿಲ್ಲ. ಕ್ಯಾಬರೆಯನ್ನು ರಾತ್ರಿಯ ಕೊನೆಗೆ ಇಡಬೇಕು ಎಂದು ಸಮಿತಿಗೆ ಬರೆದು ಕೊಟ್ಟಿದ್ದೇನೆ.

ರಾತ್ರಿ ಕ್ಯಾತ್ಸಂದ್ರದಿಂದ ತರಿಸಿದ ತಟ್ಟೆ ಇಡ್ಲಿ ತಿನ್ನುವಾಗ ಆಕೆ ಆ ಹಿರಿಯರನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದರು. ಅಡಕೆಯ ಲೆಕ್ಕವೂ ಕ್ವಿಂಟಲ್ಲೇ ಏನು ಎಂದು ಕೇಳಿ, ಎಡಗೈಯಲ್ಲಿ ಡೈರಿ ತೆರೆದರು.