ಬ್ಯಾಟರಿ ಹೆಚ್ಚಿಸುವ ಮೊದಲು ಪ್ಯಾನೆಲ್ ಹೆಚ್ಚಿಸಿ

ಲೈನ್ ಕರೆಂಟ್ ಇಲ್ಲದ ಮನೆಗೆ ಸೋಲಾರ್ ಹಾಕಿಸುವವರು ಮೊದಲು ವಿಚಾರಿಸುವುದು ಬ್ಯಾಟರಿಯನ್ನು. ಅದಕ್ಕೂ ಮೊದಲು ಒಂದು ದಿನದ ಖರ್ಚು ಬರೆದುಕೊಳ್ಳಬೇಕು. 9 ವ್ಯಾಟಿನ ಆರು ಬಲ್ಬು ಐದು ಗಂಟೆ ಉರಿದರೆ 270 ವ್ಯಾಟ್-ಅವರ್. 30 ವ್ಯಾಟಿನ ಎರಡು ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟಿನಲ್ಲಿ ಓಡುವ ಬಗೆ) ಹತ್ತು ಗಂಟೆಗೆ 600. ಫ್ರಿಜ್ಜಿಗೆ ಒಂದು ಯೂನಿಟ್, ಅಂದರೆ 1000. ಟಿವಿ, ರೂಟರ್, ಮಿಕ್ಸಿ, ಫೋನ್ ಎಲ್ಲ ಸೇರಿ 530. ಒಟ್ಟು 2.4 ಯೂನಿಟ್.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಮನೆಯಲ್ಲಿ ಏನೂ ಓಡದಿದ್ದಾಗಲೂ ಇನ್ವರ್ಟರ್ ತಾನೇ 30 ವ್ಯಾಟ್ ತಿನ್ನುತ್ತಿದ್ದರೆ ದಿನಕ್ಕೆ 720 ವ್ಯಾಟ್-ಅವರ್ ಹೋಯಿತು, ಫ್ರಿಜ್ಜಿನ ಮುಕ್ಕಾಲು ಪಾಲು! ಇನ್ವರ್ಟರ್ ಕೊಳ್ಳುವಾಗ ‘ನೋ ಲೋಡ್’ ಅಂಕಿ ನೋಡದೆ ತರಬೇಡಿ. ಮುಂದೆ ಬೇಕಾದೀತೆಂದು ಅಗತ್ಯಕ್ಕಿಂತ ದೊಡ್ಡದು ತಂದರೆ ಈ ತಿಂದುಹಾಕುವುದೂ ಸಾಮಾನ್ಯವಾಗಿ ಹೆಚ್ಚು. ಪರಿವರ್ತನೆಯ ನಷ್ಟವನ್ನೂ ಸೇರಿಸಿದರೆ ದಿನದ ಲೆಕ್ಕ ಸುಮಾರು 3.4 ಯೂನಿಟ್.

ಪ್ಯಾನೆಲ್ ಲೆಕ್ಕವನ್ನು ಒಳ್ಳೆಯ ಬಿಸಿಲಿನ ತಿಂಗಳಿಗೆ ಹಾಕಬಾರದು. ದಿನಕ್ಕೆ ನಾಲ್ಕು ತಾಸಿನ ಪೂರ್ಣ ಬಿಸಿಲಿಗೆ ಸಮನಾದದ್ದು ಸಿಕ್ಕಿದರೆ, ಶಾಖ, ಧೂಳು, ವಯರು, ಬ್ಯಾಟರಿ ಎಲ್ಲದರ ನಷ್ಟ ಕಳೆದು 70 ಶೇಕಡ ಉಳಿಯಿತೆಂದರೆ, 1200 ವ್ಯಾಟ್ ಸಾಕು. ಮೋಡದ ತಿಂಗಳಲ್ಲಿ ಅದೇ ಎರಡೂವರೆ ತಾಸಿಗೆ ಇಳಿದರೆ 2000 ಬೇಕು. 2000ವೇ ಹಾಕಿ. ಬ್ಯಾಟರಿ ಎಷ್ಟು ದೊಡ್ಡದಿದ್ದರೂ ತುಂಬದ ಕೊಡ ಕೊಡವೇ ಅಲ್ಲ.

ಲೆಡ್ ಆಸಿಡ್ ಟ್ಯೂಬುಲರ್ ಬ್ಯಾಟರಿಯ ವಿಷಯದಲ್ಲಿ ಇದು ಇನ್ನೂ ನಿಜ. ಅದು 80 ಶೇಕಡದವರೆಗೆ ಬೇಗ ತುಂಬುತ್ತದೆ, ಕೊನೆಯ 20ಕ್ಕೆ ಮೂರು ನಾಲ್ಕು ತಾಸು ಹಿಡಿಯುತ್ತದೆ. ಸಂಜೆಯೊಳಗೆ ಆ ಹಂತ ಮುಗಿಯದೆ ದಿನದಿನವೂ ಅರೆ ತುಂಬಿಯೇ ಉಳಿದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ‘ಬ್ಯಾಟರಿ ಸರಿ ಇಲ್ಲ’ ಎಂದು ಬೈಯುವ ಎಷ್ಟೋ ಪ್ರಕರಣಗಳ ಮೂಲ ಇದೇ. ಮೇಲಿನ ಲೆಕ್ಕಕ್ಕೆ 24 ವೋಲ್ಟ್ 200 ಆಂಪಿಯರ್-ಅವರ್ ಸಾಕಾಗುತ್ತದೆ: 4.8 ಯೂನಿಟ್, ಅದರಲ್ಲಿ ಅರ್ಧ ಮಾತ್ರ ಬಳಸಬೇಕು; ದಿನದ ಖರ್ಚಿನ ಉಳಿದ ಪಾಲು ಹಗಲಿನಲ್ಲಿ ನೇರವಾಗಿ ಪ್ಯಾನೆಲಿನಿಂದಲೇ ಬರುತ್ತದೆ. ಚಾರ್ಜಿಂಗ್ ಕರೆಂಟನ್ನು ಕಂಟ್ರೋಲರಿನಲ್ಲಿ (ಪ್ಯಾನೆಲಿಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜಿಂಗ್ ನಿಯಂತ್ರಿಸುವ ಪೆಟ್ಟಿಗೆ) 20ರಿಂದ 30 ಆಂಪಿಯರಿಗೆ ಮಿತಿಗೊಳಿಸಿ. ಬ್ಯಾಟರಿ ತಯಾರಕರು ಹೇಳಿದ ಮಿತಿ ಕಡಿಮೆಯಿದ್ದರೆ ಅದೇ ಕೊನೆಯ ಮಾತು. ಹೀಗೆ ಮಿತಿ ಹಾಕಿದರೂ ಉಳಿದ ಬಿಸಿಲು ಹಗಲಿನ ಲೋಡಿಗೆ ಒದಗುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕುವುದು ಪೂರ್ತಿ ಚಾರ್ಜ್ ಆದಮೇಲೆ. ಮೊದಲೇ ತುಂಬಿದರೆ ಚಾರ್ಜ್ ಆಗುವಾಗ ಆಸಿಡ್ ಉಕ್ಕಿ ಟರ್ಮಿನಲ್ ತಿಂದುಹಾಕುತ್ತದೆ.

24 ವೋಲ್ಟಿಗೆ ಜೋಡಿಸಿದ ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಎಳೆದು ದೀಪ ಉರಿಸುವ ಚಾಳಿ ಇದೆ. ಆ ಒಂದು ಯಾವಾಗಲೂ ಹಸಿದಿರುತ್ತದೆ, ಇನ್ನೊಂದು ಓವರ್‌ಚಾರ್ಜ್ ಆಗುತ್ತದೆ, ಎರಡೂ ಹಾಳು. ಬೇಕಿದ್ದರೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ.

500 ವ್ಯಾಟಿನ ನಾಲ್ಕು ಪ್ಯಾನೆಲ್ ಇದ್ದರೆ ಎರಡೆರಡು ಸೀರಿಸ್ ಮಾಡಿ (ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್, ವೋಲ್ಟೇಜ್ ಕೂಡುತ್ತದೆ) ಆ ಎರಡು ಸಾಲನ್ನು ಪ್ಯಾರಲಲ್ ಮಾಡಿ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್, ಕರೆಂಟ್ ಕೂಡುತ್ತದೆ). ಮೂರು ಸೀರಿಸ್ ಮಾಡುವ ಆಸೆಗೆ ಬಿದ್ದರೆ ಹೀಗಾಗುತ್ತದೆ: ಒಂದರ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಏನನ್ನೂ ಜೋಡಿಸದಿದ್ದಾಗಿನ ವೋಲ್ಟೇಜ್) 49.5 ಎಂದಿಟ್ಟುಕೊಳ್ಳಿ, ಮೂರಕ್ಕೆ 148.5. ಕಂಟ್ರೋಲರಿನ ಮಿತಿ 150 ಎಂದು ಸಮಾಧಾನಪಟ್ಟುಕೊಳ್ಳುತ್ತೀರಿ. ಆ ಅಂಕಿ 25 ಡಿಗ್ರಿಗೆ ಬರೆದದ್ದು. ತಣ್ಣಗಾದಂತೆ ವೋಲ್ಟೇಜ್ ಏರುತ್ತದೆ, ಡಿಗ್ರಿಗೆ ಸುಮಾರು ಕಾಲು ಶೇಕಡಕ್ಕಿಂತ ತುಸು ಹೆಚ್ಚು. 5 ಡಿಗ್ರಿಯ ಬೆಳಗಿನಲ್ಲಿ ಅದು 156 ದಾಟಿ ಕಂಟ್ರೋಲರ್ ಸುಟ್ಟುಹೋಗಬಹುದು.

ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗುವ ಕೇಬಲ್ ಗಿಡ್ಡವಾಗಿ, ದಪ್ಪವಾಗಿರಲಿ. 2000 ವ್ಯಾಟ್ ಎಳೆದಾಗ 24 ವೋಲ್ಟಿನಲ್ಲಿ ಹರಿಯುವುದು ಇನ್ವರ್ಟರಿನ ನಷ್ಟ ಸೇರಿ ಸುಮಾರು 95 ಆಂಪಿಯರ್. ಎರಡು ಮೀಟರ್ ದೂರಕ್ಕೆ 35 ಚದರ ಮಿಲಿಮೀಟರಿನ ತಾಮ್ರ ಹಾಕಿದರೆ ಹೋಗಿಬರುವಷ್ಟರಲ್ಲಿ 0.2 ವೋಲ್ಟ್ ಕೂಡ ಕಳೆಯುವುದಿಲ್ಲ. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಫ್ಯೂಸ್ ಇರಬೇಕು. ಮನೆಯ ಎಸಿ ಎಂಸಿಬಿಯನ್ನು (ಹೆಚ್ಚು ಕರೆಂಟ್ ಹರಿದರೆ ತಾನೇ ಬೀಳುವ ಸ್ವಿಚ್) ಪ್ಯಾನೆಲ್, ಬ್ಯಾಟರಿಯ ಡಿಸಿಗೆ ಬಳಸಬೇಡಿ: ಎಸಿ ಕರೆಂಟ್ ಸೆಕೆಂಡಿಗೆ ನೂರು ಬಾರಿ ಸೊನ್ನೆಗೆ ಬರುವುದರಿಂದ ಕಿಡಿ ತಾನಾಗಿ ಆರುತ್ತದೆ, ಡಿಸಿಯಲ್ಲಿ ಅದು ಉರಿಯುತ್ತಲೇ ಇರುತ್ತದೆ.

ಬಾವಿಯ ಮೋಟರನ್ನು ಈ ವ್ಯವಸ್ಥೆಯಿಂದ ಹೊರಗಿಡುವುದೇ ಜಾಣತನ. ಒಂದು ಎಚ್‌ಪಿ ಮೋಟರ್ ಓಡುವಾಗ ಒಂದು ಕಿಲೋವ್ಯಾಟ್ ಆಸುಪಾಸು ಎಳೆದರೂ ಶುರುವಾಗುವಾಗ ಐದಾರು ಪಟ್ಟು ಕರೆಂಟ್ ಕೇಳುತ್ತದೆ, ಇನ್ವರ್ಟರ್ ಟ್ರಿಪ್. ತ್ರೀ ಫೇಸ್ ಮೋಟರಿಗೆ ಬೇರೆ ಪ್ಯಾನೆಲ್, ಸೋಲಾರ್ ವಿಎಫ್‌ಡಿ (ಬಿಸಿಲಿಗೆ ತಕ್ಕಂತೆ ಮೋಟರಿನ ವೇಗ ಹೊಂದಿಸುವ ಸಾಧನ) ಹಾಕಿದರೆ ನಿಧಾನ ಏರುತ್ತಾ ಬಿಸಿಲಿದ್ದಷ್ಟು ಓಡುತ್ತದೆ, ಬ್ಯಾಟರಿಯ ಹಂಗಿಲ್ಲ. ಸಾವಿರ ಲೀಟರನ್ನು 30 ಮೀಟರ್ ಎತ್ತಲು ಪಂಪಿನ ನಷ್ಟ ಸೇರಿ ಕಾಲು ಯೂನಿಟ್ ಸಾಕು. ಎರಡು ದಿನದ ನೀರು ಹಿಡಿಯುವ ಟ್ಯಾಂಕ್ ಕಟ್ಟಿದರೆ ಮೋಡ ಕವಿದರೂ ನಲ್ಲಿಯಲ್ಲಿ ನೀರಿರುತ್ತದೆ. ಬಾವಿ ಬತ್ತಿದರೆ ಮೋಟರ್ ನಿಲ್ಲಿಸುವ ಡ್ರೈ ರನ್ ರಕ್ಷಣೆ, ಟ್ಯಾಂಕ್ ತುಂಬಿದರೆ ನಿಲ್ಲಿಸುವ ಫ್ಲೋಟ್ ಸ್ವಿಚ್ ಮಾತ್ರ ಬಿಡಬೇಡಿ.

ವಾರಗಟ್ಟಲೆ ಮಳೆ ಹಿಡಿದಾಗ ಜನರೇಟರ್ ಬೇಕೇ ಬೇಕು. ಅದನ್ನು ಸಂಜೆ ಓಡಿಸುವ ಬದಲು ಬೆಳಗ್ಗೆ ಓಡಿಸಿ. ಬ್ಯಾಟರಿ ಬರಿದಾಗಿರುವಾಗ ಕರೆಂಟನ್ನು ಗಬಗಬನೆ ತೆಗೆದುಕೊಳ್ಳುತ್ತದೆ, ಇಂಧನ ವ್ಯರ್ಥವಾಗುವುದಿಲ್ಲ. ಕೊನೆಯ ನಿಧಾನದ ತಾಸುಗಳನ್ನು ಇದ್ದಷ್ಟು ಬೆಳಕಿಗೇ ಬಿಡಬಹುದು.